ಎಸ್ ಒತ್ತಿದ ಬೆರಳು

ಗರ್ಟ್ರೂಡ್‌ಬಾಯಿಯ ಕೈ ಬರಿದಾಗಿದ್ದನ್ನು ಮನೆಯಲ್ಲಿ ಮೊದಲು ಕಂಡವನು ಮೊಮ್ಮಗ ಕ್ಲೈವ್. ಶನಿವಾರ ಬೆಳಿಗ್ಗೆ ಅವರು ಸಿಂಕಿನ ಮುಂದೆ ನಿಂತು ಬಂಗುಡೆ ತೊಳೆಯುತ್ತಿದ್ದರು. ಎಂದಿನ ಬಳೆಗಳ ಸದ್ದಿರಲಿಲ್ಲ.

"ಗ್ರ್ಯಾನಿ, ಬ್ಯಾಂಗಲ್ಸ್ ಎಲ್ಲಿ?"

"ಕೈ ಊದಿದೆ ಪುತಾ. ತೆಗೆದಿಟ್ಟಿದ್ದೇನೆ."

"ಡಾಕ್ಟರ್ ಹತ್ರ ಹೋಗುವಾ?"

"ಎಂತ ಬೇಡ. ನೀನು ಓದು ಹೋಗು. ಬೋರ್ಡ್ ಎಕ್ಸಾಮ್ ನನಗಾ, ನಿನಗಾ?"

ಕ್ಲೈವ್ ಹೆಗಲು ಕುಣಿಸಿ ಹೋಗಿ ಸೋಫಾದ ಮೇಲೆ ಪುಸ್ತಕ ಬಿಡಿಸಿದ. ದುಬೈಯ ಡಿಸ್ಕವರಿ ಗಾರ್ಡನ್ಸಿನ ಆ ಒಂದು ಬೆಡ್‌ರೂಮಿನ ಮನೆಯಲ್ಲಿ ಅವನ ಓದು, ಅಜ್ಜಿಯ ನಿದ್ದೆ, ಎಲ್ಲರ ಊಟ, ಅಪ್ಪನ ಕೆಲಸದ ಹುಡುಕಾಟ, ಎಲ್ಲವೂ ಆ ಹಾಲಿನಲ್ಲೇ ಆಗಬೇಕಿತ್ತು.

ಕಳೆದ ಬೇಸಿಗೆಯಲ್ಲಿ ಅವನ ಅಪ್ಪ ಯುಜಿನ್ ಅಕೌಂಟೆಂಟ್ ಆಗಿದ್ದ ಎಸಿ ಕಂಪೆನಿ ದುಬೈ ಶಾಖೆಗೆ ಬೀಗ ಹಾಕಿತ್ತು. ಅಂದಿನಿಂದ ಗಂಡನ, ಮಗನ ವೀಸಾ ಎರಡೂ ಹೆಂಡತಿ ಡೆಬೊರಾಳ ಹೆಸರಿಗೆ ಬಂದಿದ್ದವು. ಸಂಬಳ ಬರುತ್ತಿದ್ದುದು ಅವಳೊಬ್ಬಳಿಗೇ. ಯುಜಿನ್ ಬೆಳಿಗ್ಗೆ ಚಪಾತಿ ಲಟ್ಟಿಸಿ, ಮಗನಿಗೆ ಡಬ್ಬಿ ಕಟ್ಟಿ, ಆಮೇಲೆ ಲ್ಯಾಪ್‌ಟಾಪ್ ತೆರೆದು ಅರ್ಜಿ ಹಾಕುತ್ತ ಕೂರುತ್ತಿದ್ದ.

ಗರ್ಟ್ರೂಡ್‌ಬಾಯಿ ಇವರ ಮೇಲೆ ಭಾರವಾಗಿರಲು ಬಂದವರಲ್ಲ. ಗಂಡ ತೀರಿಕೊಂಡ ಮೇಲೆ ಅಬುಧಾಬಿಯ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿಯ ಹಬೆಯ ನಡುವೆ ದುಡಿದು ಇಬ್ಬರು ಮಕ್ಕಳನ್ನು ಸಾಕಿದವರು. ನಿವೃತ್ತಿಯಾದಾಗ ಕೈಗೆ ಬಂದ ಹಣವನ್ನೆಲ್ಲ ಬಳೆ, ಚೈನು, ನಾಣ್ಯವಾಗಿಸಿಕೊಂಡಿದ್ದರು. "ಬ್ಯಾಂಕಿಗೆ ಐಡಿ ಕೇಳುತ್ತಾರೆ. ಬಂಗಾರಕ್ಕೆ ಯಾರೂ ಎಂತದೂ ಕೇಳುವುದಿಲ್ಲ" ಎನ್ನುತ್ತಿದ್ದರು. ಆಮೇಲೆ ಮಂಗಳೂರಿನ ಕುಲಶೇಖರದಲ್ಲಿ ಮಗಳ ಫ್ಲಾಟಿನಲ್ಲಿದ್ದರು. ಮಗನ ಕೆಲಸ ಹೋದ ಸುದ್ದಿ ಕೇಳಿ ವಿಸಿಟ್ ವೀಸಾದಲ್ಲಿ ಬಂದು, ಅದನ್ನು ಎಳೆದು ಎಳೆದು ಉದ್ದ ಮಾಡಿಕೊಂಡು ಇಲ್ಲೇ ಉಳಿದಿದ್ದರು. ಅಡುಗೆಮನೆ ಪೂರ್ತಿ ಅವರ ಕೈಯಲ್ಲಿತ್ತು.

ಆ ವಾರ ಅಡುಗೆ ಕೆಟ್ಟಿತು. ಒಂದು ದಿನ ಸಾರಿಗೆ ಉಪ್ಪೇ ಇಲ್ಲ, ಇನ್ನೊಂದು ದಿನ ಅನ್ನ ತಳ ಹಿಡಿಯಿತು. ಗರ್ಟ್ರೂಡ್‌ಬಾಯಿ ಮಧ್ಯಾಹ್ನ "ಚರ್ಚಿಗೆ ಹೋಗಿ ಬರುತ್ತೇನೆ" ಎಂದು ಹೊರಟರೆ ಸಂಜೆಗೆ ಬರುತ್ತಿದ್ದರು. ಫೋನನ್ನು ಸೆರಗಿನಿಂದ ಬಿಡುತ್ತಿರಲಿಲ್ಲ.

"ಮಾಂಯ್, ನೀವು ಊಟ ಮಾಡಿದ್ದೇ ಇಲ್ಲ" ಎಂದಳು ಡೆಬೊರಾ ಒಂದು ಸಂಜೆ, ತಟ್ಟೆ ಮುಂದೆ ತಳ್ಳುತ್ತ.

"ಹಸಿವಿಲ್ಲ."

"ನಿನ್ನೆಯೂ ಹಾಗೇ ಹೇಳಿದಿರಿ."

"ಹಸಿವಿಲ್ಲದಿದ್ದರೆ ಇನ್ನೇನು ಹೇಳಬೇಕು?" ಅವರು ಗದರಿದರು. ಮರುಕ್ಷಣ ಸೊಸೆಯ ಕೈ ಹಿಡಿದು, "ನಿನ್ನ ವೀಸಾ ಯಾವಾಗ ರಿನ್ಯೂ?" ಎಂದು ಕೇಳಿದರು.

"ಏಪ್ರಿಲ್‌ನಲ್ಲಿ. ಎಂತಕ್ಕೆ?"

"ಸುಮ್ಮನೆ."

ಡೆಬೊರಾಳಿಗೆ ಹೆಚ್ಚು ಕೇಳುವಷ್ಟು ತ್ರಾಣ ಇರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಕಂಪೆನಿ ಸೂಪರ್‌ಮಾರ್ಕೆಟ್ಟುಗಳ ಬಾಗಿಲ ಬಳಿ ಕ್ರಿಪ್ಟೊ ಮೆಷಿನುಗಳನ್ನು ಇಟ್ಟಿತ್ತು. ನೋಡಲು ಎಟಿಎಮ್ಮಿನ ಹಾಗೆಯೇ. ನೋಟು ಹಾಕಿ, ಫೋನಿನಲ್ಲಿರುವ ಚೌಕದ ಗುರುತನ್ನು ತೋರಿಸಿದರೆ ಹಣ ಕ್ರಿಪ್ಟೊ ಆಗಿ ಆ ಗುರುತಿನವನ ಖಾತೆಗೆ ಹೋಗಿಬಿಡುತ್ತದೆ. ಹೋದದ್ದನ್ನು ಯಾವ ಬ್ಯಾಂಕೂ ಹಿಂದಕ್ಕೆ ಕರೆಯಲಾರದು. ಪ್ರತಿ ಮೆಷಿನಿನ ಪಕ್ಕ ಹಸಿರು ಅಂಗಿ ತೊಟ್ಟ ಒಬ್ಬ ಹುಡುಗಿ. ಡೆಬೊರಾ ಮೊದಲು ಹಾಗೆ ನಿಂತವಳೇ. ಕ್ಲಿನಿಕ್ಕಿನ ರಿಸೆಪ್ಶನ್ ಬಿಟ್ಟು ಬಂದಿದ್ದ ಅವಳ ಮೃದು ಮಾತು ಗಿರಾಕಿಗಳಿಗೆ ಹಿಡಿಸಿತ್ತು. ಈಗ ಅವಳು ಹೊಸ ಹುಡುಗಿಯರಿಗೆ ಕೆಲಸ ಕಲಿಸುವ ಟ್ರೈನರ್.

*

ಕ್ಲೈವನಿಗೆ ಸ್ಟಡಿ ಲೀವ್ ಶುರುವಾದ ಎರಡನೆಯ ದಿನ ಬಾತ್‌ರೂಮಿನಿಂದ ಗಂಡಸಿನ ಧ್ವನಿ ಕೇಳಿಸಿತು. ಹಿಂದಿ. ಯುಜಿನ್ ಇಂಟರ್‌ವ್ಯೂಗೆ ಹೋಗಿದ್ದ. ಕ್ಲೈವ್ ಬಾಗಿಲಿಗೆ ಕಿವಿ ಇಟ್ಟ.

"ಕ್ಯಾಮೆರಾ ಆಫ್ ಮಾಡಬಾರದು. ಮನೆಯಲ್ಲಿ ಬೇರೆ ಯಾರಿದ್ದಾರೆ?"

"ಮೊಮ್ಮಗ, ಸಾರ್. ಓದುತ್ತಿದ್ದಾನೆ, ಸಾರ್." ಅಜ್ಜಿಯ ಧ್ವನಿ ಅವನಿಗೆ ಗುರುತೇ ಸಿಗಲಿಲ್ಲ. ಶಾಲೆಯ ಹೆಡ್‌ಮಾಸ್ಟರರ ಮುಂದೆ ನಿಂತ ಮಗುವಿನ ಹಾಗಿತ್ತು.

"ಅವನಿಗೆ ಹೇಳಿದರೆ ಅವನ ಹೆಸರೂ ಕೇಸಿಗೆ ಸೇರುತ್ತದೆ. ಇನ್ನೊಂದು ಕಂತು ಇಂದೇ ಆಗಬೇಕು."

ಕ್ಲೈವ್ ಬಾಗಿಲು ಬಡಿದ. "ಗ್ರ್ಯಾನಿ! ಓಪನ್ ದ ಡೋರ್!"

ಬಾಗಿಲು ತೆರೆದಾಗ ಗರ್ಟ್ರೂಡ್‌ಬಾಯಿ ಮುಚ್ಚಿದ ಕಮೋಡಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಫೋನಿನಲ್ಲಿ ಯೂನಿಫಾರ್ಮ್ ತೊಟ್ಟವನೊಬ್ಬ, ಅವನ ಹಿಂದೆ ಧ್ವಜ. ಕ್ಲೈವ್ ಫೋನ್ ಕಿತ್ತುಕೊಂಡ. "ಹೂ ಆರ್ ಯು? ನಿಮ್ಮ ಹೆಸರು ಹೇಳಿ!" ಎಂದ. ಪರದೆ ತಟ್ಟನೆ ಕಪ್ಪಾಯಿತು.

ಗರ್ಟ್ರೂಡ್‌ಬಾಯಿ ಎದ್ದವರೇ ಮೊಮ್ಮಗನ ಕೆನ್ನೆಗೆ ಹೊಡೆದರು. ಹುಟ್ಟಿದಂದಿನಿಂದ ಅವನ ಮೇಲೆ ಕೈ ಎತ್ತಿದವರಲ್ಲ.

"ಎಂತ ಮಾಡಿದೆ ನೀನು! ನಿನ್ನ ಅಮ್ಮನ ವೀಸಾ ಹೋಯ್ತು! ಎಲ್ಲರನ್ನೂ ಒಳಗೆ ಹಾಕುತ್ತಾರೆ!"

"ಗ್ರ್ಯಾನಿ, ಇಟ್ಸ್ ಅ ಸ್ಕ್ಯಾಮ್. ಅವನು ಪೊಲೀಸ್ ಅಲ್ಲ."

"ನಿನಗೆ ಗೊತ್ತಿಲ್ಲ."

"ಪೊಲೀಸರು ಬಾತ್‌ರೂಮಲ್ಲಿ ಕೂತ್ಕೊಳ್ಳಿ ಅಂತ ಹೇಳ್ತಾರಾ ಗ್ರ್ಯಾನಿ?"

ಗರ್ಟ್ರೂಡ್‌ಬಾಯಿ ಅವನ ಮುಖ ನೋಡಿದರು. ಕೆನ್ನೆ ಕೆಂಪಾಗಿತ್ತು. ಅವರು ಮತ್ತೆ ಕಮೋಡಿನ ಮೇಲೆ ಕುಸಿದು ಕೂತರು. "ದೇವಾ, ನನ್ನ ಬಂಗಾರ" ಎಂದರು.

ಸಂಜೆ ಊಟದ ಮೇಜಿನ ಸುತ್ತ ಎಲ್ಲರೂ ಕೂತಿದ್ದಾಗ ಅವರು ಎಲ್ಲ ಹೇಳಿದರು. ಅವರ ಹಳೆಯ ಐಡಿ ಬಳಸಿ ಯಾರೋ ಕಳ್ಳಹಣ ಸಾಗಿಸಿದ್ದಾರೆ ಎಂದು ಫೋನ್ ಬಂದಿತ್ತು. ವಿಸಿಟ್‌ನಲ್ಲಿ ಇರುವವಳು, ಮಗನಿಗೆ ಕೆಲಸವಿಲ್ಲ, ಸೊಸೆಯ ವೀಸಾದ ಮೇಲೆ ಸಂಸಾರ ನಿಂತಿದೆ, ಎಲ್ಲವೂ ಫೋನಿನವನಿಗೆ ಗೊತ್ತಿತ್ತು. ಒಂದೊಂದನ್ನೂ ತಾನೇ ಅಳುತ್ತ ಹೇಳಿದ್ದು ಗರ್ಟ್ರೂಡ್‌ಬಾಯಿಗೆ ಈಗ ನೆನಪಾಗುತ್ತಿತ್ತು. ಬಂಗಾರ ಮಾರಿ ಹಣವನ್ನು 'ಪರಿಶೀಲನೆಗೆ' ಕಟ್ಟಬೇಕು, ತಪ್ಪಿಲ್ಲ ಎಂದಾದರೆ ವಾಪಸ್ ಬರುತ್ತದೆ ಎಂದಿದ್ದ. ಅವರು ಬಳೆ ಮಾರಿದರು, ಚೈನು ಮಾರಿದರು, ಕೊನೆಗೆ ನಾಣ್ಯಗಳನ್ನೂ ಮಾರಿದರು.

"ಹಣ ಎಲ್ಲಿ ಕಟ್ಟಿದೆ ಮಾಂಯ್?" ಯುಜಿನ್ ಕೇಳಿದ.

"ಅಲ್ ಬರ್ಷಾದಲ್ಲಿ. ಸೂಪರ್‌ಮಾರ್ಕೆಟಿನ ಮೆಷಿನಲ್ಲಿ." ಅವರು ಡೆಬೊರಾಳ ಅಂಗಿಯನ್ನು ತೋರಿಸಿದರು. "ಇವಳ ಶರ್ಟಿನ ಮೇಲಿರುವ ಇದೇ ಗುರುತು ಇತ್ತು. ನಮ್ಮವರದೇ ಮೆಷಿನ್, ಮೋಸ ಇರ್ಲಿಕ್ಕಿಲ್ಲ ಅಂತ ಧೈರ್ಯ ಆಯ್ತು."

ಯುಜಿನ್ ಹೆಂಡತಿಯ ಕಡೆ ತಿರುಗಿದ. ಡೆಬೊರಾಳ ಕೈ ತಟ್ಟೆಯಲ್ಲೇ ನಿಂತಿತು.

"ಯಾರೂ ಎಂತದೂ ಕೇಳಲಿಲ್ಲವಾ?" ಎಂದ ಕ್ಲೈವ್. "ವಾರ್ನಿಂಗ್ ಬರುವುದಿಲ್ಲವಾ ಮಮ್ಮಿ?"

"ಬಂತು" ಎಂದರು ಗರ್ಟ್ರೂಡ್‌ಬಾಯಿ. "ಕೆಂಪು ಅಕ್ಷರ ಬಂತು, ಇಂಗ್ಲಿಷಲ್ಲಿ. ನನಗೆ ಓದ್ಲಿಕ್ಕೆ ಆಗಲಿಲ್ಲ, ಕನ್ನಡಕ ಬ್ಯಾಗಲ್ಲಿತ್ತು. ಫೋನು ಕಿವಿಯಲ್ಲಿ. ಅಲ್ಲಿ ಒಬ್ಬಳು ಹುಡುಗಿ ಇದ್ದಳು, ಒಳ್ಳೆಯ ಹುಡುಗಿ, ನನ್ನ ಬೆನ್ನ ಮೇಲೆ ಕೈ ಇಟ್ಟು, 'ಹೆದರಬೇಡಿ ಆಂಟಿ, ಇದೆಲ್ಲ ಬರೀ ರೂಲ್ಸಿಗೆ ಕೇಳುವುದು, ನಾನು ಒತ್ತುತ್ತೇನೆ' ಅಂದಳು. ಎಸ್, ಎಸ್, ಎಸ್ ಅಂತ ಅವಳೇ ಒತ್ತಿದಳು."

ಡೆಬೊರಾ ಎದ್ದು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಆ ಮಾತು ಅವಳದು. ಅಕ್ಷರ ಅಕ್ಷರವೂ ಅವಳದೇ. ಬೆನ್ನ ಮೇಲೆ ಕೈ ಇಡಬೇಕು ಎಂದದ್ದೂ ಅವಳೇ. ಕೆಂಪು ಪರದೆ ಬಂದಾಗ ಗಿರಾಕಿಗಳು ಹೆದರಿ ನೋಟು ವಾಪಸ್ ತೆಗೆದುಕೊಂಡು ಹೋಗುತ್ತಾರೆ, ಏನಾದರೂ ಮಾಡಿ ಎಂದು ಮ್ಯಾನೇಜರ್ ಪಾಯ್ಸ್ ಮೀಟಿಂಗಿನಲ್ಲಿ ಹೇಳಿದ್ದ. ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ನಿಗೆ ಅಳುವ ಮಕ್ಕಳನ್ನು ಸಮಾಧಾನ ಮಾಡುತ್ತಿದ್ದ ನೆನಪಿನಲ್ಲಿ ಅವಳು ಈ ಉಪಾಯ ಹೇಳಿಕೊಟ್ಟಿದ್ದಳು. ಅದಕ್ಕೇ ಅವಳಿಗೆ ಟ್ರೈನರ್ ಕೆಲಸ ಸಿಕ್ಕಿದ್ದು.

ಮರುದಿನ ಅವಳು ಅಲ್ ಬರ್ಷಾಕ್ಕೆ ಹೋದಳು. ಮೆಷಿನಿನ ಪಕ್ಕ ನಿಂತಿದ್ದವಳು ಸುಮೀನಾ, ಉಳ್ಳಾಲದ ಬ್ಯಾರಿ ಹುಡುಗಿ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಡೆಬೊರಾ ಫೋನಿನಲ್ಲಿ ಅತ್ತೆಯ ಫೋಟೊ ತೋರಿಸಿದಳು. ಸುಮೀನಾಳ ಮುಖ ಬಿಳಿಚಿತು.

"ಇವರು ನಿಮಗೆ ಯಾರು ಅಕ್ಕಾ?"

"ನನ್ನ ಅತ್ತೆ."

"ಅಲ್ಲಾಹ್! ನನಗೆ ಹೇಗೆ ಗೊತ್ತಾಗಬೇಕು ಅಕ್ಕಾ? ಮೂರು ನಾಲ್ಕು ಸಲ ಬಂದರು. ಫೋನಲ್ಲಿ ಮಾತಾಡ್ತಾ ಇದ್ದರು. ಒಂದು ಸಲ ಅಳ್ತಾ ಇದ್ದ ಹಾಗೆ ಕಂಡಿತು. ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಗಿರಾಕಿಯ ಸ್ವಂತ ವಿಷಯ ಕೇಳಬಾರದು ಅಂತ ನೀವೇ..."

"ಗೊತ್ತುಂಟು" ಎಂದಳು ಡೆಬೊರಾ. "ನಾನೇ ಹೇಳಿದ್ದು."

*

ಯುಜಿನ್ ತಾಯಿಯನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದ. ಅಲ್ಲಿನ ಅಧಿಕಾರಿ ಅವರಿಗೆ ಕುರ್ಚಿ ಕೊಟ್ಟು, ನೀರು ತರಿಸಿ, ಇಂಥವು ತುಂಬ ಬರುತ್ತಿವೆ, ನಾಚಿಕೊಳ್ಳಬೇಡಿ ಎಂದ. ದೂರು ದಾಖಲಾಯಿತು. ಹಣ ಎಷ್ಟೋ ಕೈ ದಾಟಿ ದೇಶದ ಹೊರಗೆ ಹೋಗಿರುತ್ತದೆ, ಸಿಗುವ ಭರವಸೆ ಕೊಡಲಾರೆ ಎಂದೂ ಹೇಳಿದ. ಕ್ರಿಪ್ಟೊ ವ್ಯವಹಾರದ ಮೇಲೆ ನಿಗಾ ಇಡುವ ಇಲಾಖೆಗೂ ದೂರಿನ ಪ್ರತಿ ಹೋಯಿತು.

ಮನೆಗೆ ಬಂದ ಯುಜಿನ್ ಕೂಗಾಡಿದ. "ಡೆಬ್ಬಿ, ನಿನ್ನ ಕಂಪೆನಿ ಕಳ್ಳರ ಕಂಪೆನಿ. ಅವರಿಂದ ಪ್ರತಿ ದಿರ್ಹಮ್ ವಸೂಲಿ ಮಾಡುತ್ತೇನೆ."

"ಕದ್ದದ್ದು ಕಂಪೆನಿ ಅಲ್ಲ. ಫೋನ್ ಮಾಡಿದವರು."

"ಬಾಗಿಲು ತೆಗೆದು ಕೊಟ್ಟವರು ಯಾರು?"

"ಆ ಬಾಗಿಲಿನಿಂದಲೇ ನಮ್ಮ ಬಾಡಿಗೆ ಬರುವುದು" ಎಂದಳು ಅವಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು.

ಒಂದು ವಾರದೊಳಗೆ ಪಾಯ್ಸ್ ಅವಳನ್ನು ಕ್ಯಾಬಿನ್ನಿಗೆ ಕರೆದ. ಅವನೂ ಮಂಗಳೂರು ಕಡೆಯವನೇ. ಬಾಗಿಲು ಮುಚ್ಚಿ ಕೊಂಕಣಿಯಲ್ಲಿ ಮಾತಾಡಿದ.

"ಕೂತ್ಕೊಳ್ಳಿ ಡೆಬೊರಾಬಾಯಿ. ಅತ್ತೆಯವರ ವಿಷಯ ಕೇಳಿ ಬೇಜಾರಾಯ್ತು. ನೋಡಿ, ಇಲಾಖೆಯವರು ದೂರು ಕೊಟ್ಟವರನ್ನೆಲ್ಲ ಕರೆದು ವಿಚಾರಣೆ ಮಾಡುತ್ತಾರಂತೆ. ನಿಮ್ಮ ಅತ್ತೆ ಅಲ್ಲಿ ಒಂದು ಮಾತು ಹೇಳಿದರೆ ಸಾಕು. ಹುಡುಗಿ ಎಲ್ಲ ವಿವರಿಸಿದಳು, ನಾನು ಕೇಳಲಿಲ್ಲ, ಅಂತ."

"ವಿವರಿಸಲಿಲ್ಲವಲ್ಲ ಸರ್."

"ವಯಸ್ಸಾದವರು, ಮರೆತಿರಬಹುದು. ನಮ್ಮ ಕಮಿಷನ್ ಅಷ್ಟನ್ನೂ ನಾವು ವಾಪಸ್ ಕೊಡುತ್ತೇವೆ. ಪ್ರೀತಿಯಿಂದ." ಅವನು ನಕ್ಕ. "ನಿಮ್ಮ ವೀಸಾ ರಿನ್ಯೂವಲ್ ನನ್ನ ಮೇಜಿನ ಮೇಲೇ ಉಂಟು. ನಾನು ತಡೆ ಮಾಡುವವನಲ್ಲ."

ಡೆಬೊರಾ ಮೆಟ್ರೋದಲ್ಲಿ ನಿಂತೇ ಮನೆಗೆ ಬಂದಳು. ಯುಜಿನ್ ಬೀನ್ಸ್ ಹೆಚ್ಚುತ್ತಿದ್ದ. ಪಾಯ್ಸ್ ಹೇಳಿದ್ದನ್ನು ಅವಳು ಹೇಳಿದಳು. ಅವನು ರೇಗಬಹುದು ಎಂದುಕೊಂಡಿದ್ದಳು. ಅವನು ಚಾಕು ಕೆಳಗಿಟ್ಟ.

"ಒಪ್ಪಿಕೊಳ್ಳುವಾ" ಎಂದ.

"ಎಂತ?"

"ನನಗೆ ಇನ್ನೂ ಕೆಲಸ ಇಲ್ಲ ಡೆಬ್ಬಿ. ಕ್ಲೈವನ ಪರೀಕ್ಷೆ ಬಾಕಿ ಉಂಟು. ನಿನ್ನ ವೀಸಾ ಹೋದರೆ ಮೂವರೂ ಗಂಟು ಕಟ್ಟಬೇಕು. ಮಾಂಯ್‌ನ ಬಂಗಾರ ಹೇಗೂ ಬರುವುದಿಲ್ಲ. ಕಮಿಷನ್ ಆದರೂ ಸಿಗಲಿ."

"ಡ್ಯಾಡಿ, ದಟ್ಸ್ ಲೈಯಿಂಗ್" ಎಂದ ಕ್ಲೈವ್ ಹಾಲಿನಿಂದ.

"ನೀನು ಓದು!"

"ಎಲ್ಲಿ ಓದುವುದು? ನೀವು ಇಲ್ಲೇ ಜಗಳ ಮಾಡ್ತೀರಿ!" ಅವನು ಪುಸ್ತಕ ಎಸೆದು ಚಪ್ಪಲಿ ಹಾಕಿ ಹೊರಗೆ ನಡೆದ.

ಗರ್ಟ್ರೂಡ್‌ಬಾಯಿ ಎಲ್ಲ ಕೇಳಿಸಿಕೊಂಡಿದ್ದರು. ಅಡುಗೆಮನೆಗೆ ಬಂದು ಮಗನಿಗೆ ಹೇಳಿದರು: "ಹೇಳುತ್ತೇನೆ. ನನ್ನಿಂದ ಕೆಟ್ಟದ್ದು, ನನ್ನಿಂದಲೇ ಸರಿ ಆಗಲಿ. ಹುಡುಗಿ ವಿವರಿಸಿದಳು ಅಂತ ಹೇಳಿದರೆ ಡೆಬೊರಾಳ ಕೆಲಸ ಉಳಿಯುತ್ತದಾದರೆ ಹೇಳುತ್ತೇನೆ." ಆಮೇಲೆ ಸೊಸೆಯ ತಲೆ ಸವರಿದರು. "ಪಾಪ, ನಿನಗೆ ನನ್ನಿಂದ ಎಷ್ಟು ತೊಂದರೆ."

ಡೆಬೊರಾ ಆ ಕೈಯ ಕೆಳಗೆ ನಿಲ್ಲಲಾರದೆ ಹೋದಳು. ಬೈದಿದ್ದರೆ ನಿಲ್ಲುತ್ತಿದ್ದಳೇನೋ.

"ಮಾಂಯ್, ಕೂತ್ಕೊಳ್ಳಿ. ಆ ಹುಡುಗಿಗೆ ಹಾಗೆ ಒತ್ತಲು ಕಲಿಸಿದ್ದು ನಾನು."

"ಎಂತ ಕಲಿಸಿದ್ದು?"

"ಬೆನ್ನ ಮೇಲೆ ಕೈ ಇಡು, ಬರೀ ರೂಲ್ಸಿಗೆ ಅಂತ ಹೇಳು, ನೀನೇ ಎಸ್ ಒತ್ತು ಅಂತ. ಎಲ್ಲ ಹುಡುಗಿಯರಿಗೂ ನಾನೇ ಕಲಿಸಿದ್ದು. ಅದಕ್ಕೇ ನನಗೆ ಪ್ರಮೋಶನ್ ಸಿಕ್ಕಿದ್ದು."

ಕುಕ್ಕರಿನ ಸೀಟಿ ಕೂಗಿತು. ಯುಜಿನ್ ಅದನ್ನು ಆರಿಸುವುದನ್ನೂ ಮರೆತು ಹೆಂಡತಿಯನ್ನೇ ನೋಡುತ್ತಿದ್ದ. ಗರ್ಟ್ರೂಡ್‌ಬಾಯಿ ತಮ್ಮ ಬರಿಗೈಗಳನ್ನು ಮಡಿಲಿಗೆ ಎಳೆದುಕೊಂಡರು.

"ಹಾಗಾದರೆ ಆ ಬೆರಳು ನಿನ್ನದು" ಎಂದರು.

"ಹೌದು ಮಾಂಯ್."

"ನನ್ನ ಮೈ ಸುಟ್ಟುಕೊಂಡು ಮಾಡಿದ ಬಂಗಾರ. ಇಸ್ತ್ರಿಪೆಟ್ಟಿಗೆಯ ಗಾಯ ಇನ್ನೂ ಉಂಟು ನೋಡು." ಅವರು ಮುಂಗೈ ತೋರಿಸಿದರು. "ನೀನು ಗೊತ್ತಿದ್ದೂ ಇಷ್ಟು ದಿನ ನನ್ನ ಜೊತೆ ಕೂತು ಉಂಡೆಯಾ?"

ಡೆಬೊರಾ ಕೈ ಚಾಚಿ ಕುಕ್ಕರಿನ ಒಲೆ ಆರಿಸಿದಳು.

*

ಆ ದಿನದಿಂದ ಗರ್ಟ್ರೂಡ್‌ಬಾಯಿ ಬೇರೆ ಅಡುಗೆ ಮಾಡಿಕೊಂಡರು. ಅದೇ ಒಲೆ, ಅದೇ ಫ್ರಿಡ್ಜ್. ಡೆಬೊರಾ ಕೆಲಸಕ್ಕೆ ಹೋದ ಮೇಲೆ ಸಣ್ಣ ಪಾತ್ರೆಯಲ್ಲಿ ತಮ್ಮೊಬ್ಬರಿಗೆ ಗಂಜಿ ಬೇಯಿಸಿ, ಒಣಮೀನಿನ ಚಟ್ನಿ ಅರೆದುಕೊಂಡು ಉಣ್ಣುತ್ತಿದ್ದರು. ಸೊಸೆ ತಂದ ಹಣ್ಣು ಮುಟ್ಟುತ್ತಿರಲಿಲ್ಲ. ಅವಳ ಬಟ್ಟೆ ಒಗೆಯುವ ಮೆಷಿನಿಗೂ ತಮ್ಮ ಬಟ್ಟೆ ಹಾಕದೆ ಬಾತ್‌ರೂಮಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಗೆದರು. ಬೇರೆ ಮನೆಯಾಗಿದ್ದರೆ ಕೋಪ ಬಂದವರು ಇನ್ನೊಂದು ಕೋಣೆಗೆ ಹೋಗಬಹುದಿತ್ತು. ಇಲ್ಲಿ ಫ್ರಿಡ್ಜ್ ತೆರೆಯಬೇಕಾದರೂ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡಬೇಕಿತ್ತು. ಇಬ್ಬರು ಹೆಂಗಸರೂ ಮಾತಿಲ್ಲದೆ ಜಾಗ ಬಿಟ್ಟುಕೊಳ್ಳುತ್ತಿದ್ದರು.

ಯುಜಿನ್ ನಡುವೆ ಸಿಕ್ಕಿಬಿದ್ದ. ತಾಯಿಗೆ, "ಅವಳು ಬೇಕಂತ ಮಾಡಿದ್ದಲ್ಲ" ಎಂದರೆ, "ನನಗೆ ಮಾತ್ರ ಬೇಕಂತ ಮಾಡಿದ್ದಲ್ಲ. ಬೇರೆಯವರ ತಾಯಿ ಆದರೆ ಅವಳಿಗೆ ಅಡ್ಡಿ ಇರಲಿಲ್ಲ" ಎನ್ನುತ್ತಿದ್ದರು. ಹೆಂಡತಿಗೆ, "ವಿಚಾರಣೆಯಲ್ಲಿ ನೀನು ಸುಮ್ಮನಿರು, ಅಷ್ಟು ಸಾಕು" ಎಂದರೆ ಅವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ವಿಚಾರಣೆಯ ದಿನ ಇಲಾಖೆಯ ಕಚೇರಿಯ ಉದ್ದ ಮೇಜಿನ ಒಂದು ಬದಿಗೆ ಹಣ ಕಳೆದುಕೊಂಡವರು ಕೂತರು. ಒಬ್ಬ ಫಿಲಿಪೀನಿ ನರ್ಸ್, ಒಬ್ಬ ಪಾಕಿಸ್ತಾನಿ ಟ್ಯಾಕ್ಸಿ ಚಾಲಕ, ಗರ್ಟ್ರೂಡ್‌ಬಾಯಿ, ಅವರ ಹಿಂದೆ ಯುಜಿನ್. ಎದುರು ಬದಿಗೆ ಕಂಪೆನಿಯ ವಕೀಲ, ಪಾಯ್ಸ್, ಡೆಬೊರಾ, ಸುಮೀನಾ. ತಲೆಗೆ ಶೇಲಾ ಹೊದ್ದ ಯುವ ಅಧಿಕಾರಿಣಿ ನಡುವೆ ಕೂತಳು. ಹಿಂದಿ ಬಲ್ಲ ದುಭಾಷಿಯೊಬ್ಬ ಪಕ್ಕದಲ್ಲಿದ್ದ.

ಇಂಥ ಮೆಷಿನುಗಳಿಗೆ ಇಲಾಖೆ ಕೆಲವು ಷರತ್ತು ಹಾಕಿತ್ತು. ಅರವತ್ತು ದಾಟಿದವರು ಬಂದರೆ ಫೋನ್ ಕೆಳಗಿಡಿಸಿ ಮಾತಾಡಿಸಬೇಕು. ಎಚ್ಚರಿಕೆಯನ್ನು ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಗುಂಡಿಯನ್ನು ಗಿರಾಕಿಯೇ ಒತ್ತಬೇಕು. ಇವೆಲ್ಲವನ್ನೂ ಪಾಲಿಸುತ್ತಿದ್ದೇವೆ ಎಂದು ಕಂಪೆನಿ ಬರೆದುಕೊಟ್ಟಿತ್ತು.

ಅಧಿಕಾರಿಣಿ ಗರ್ಟ್ರೂಡ್‌ಬಾಯಿಯನ್ನು ಕೇಳಿದಳು, "ಅಮ್ಮಾ, ಆ ಹುಡುಗಿ ನಿಮಗೆ ಎಚ್ಚರಿಕೆಯನ್ನು ವಿವರಿಸಿದಳೇ?"

ಯುಜಿನ್ ತಾಯಿಯ ಬೆನ್ನನ್ನೇ ನೋಡುತ್ತಿದ್ದ. ಗರ್ಟ್ರೂಡ್‌ಬಾಯಿ ಎದುರು ಕೂತಿದ್ದ ಸೊಸೆಯನ್ನು ಒಮ್ಮೆ ನೋಡಿದರು.

"ಇಲ್ಲ" ಎಂದರು. "ಅವಳೇ ಒತ್ತಿದಳು."

ಯುಜಿನ್ ಕಣ್ಣು ಮುಚ್ಚಿಕೊಂಡ.

ಕಂಪೆನಿಯ ವಕೀಲ ಮುಂದೆ ಬಾಗಿದ. ಅದು ಈ ಒಬ್ಬ ಹುಡುಗಿಯ ತಪ್ಪು, ಕಂಪೆನಿಯ ಪದ್ಧತಿ ಅಲ್ಲ, ಅವಳನ್ನು ಈಗಾಗಲೇ ಕೆಲಸದಿಂದ ತೆಗೆಯಲು ನಿರ್ಧರಿಸಲಾಗಿದೆ ಎಂದ. ಸುಮೀನಾಗೆ ಅದು ಆಗಲೇ ಮೊದಲು ಗೊತ್ತಾದದ್ದು. ಅವಳು ಬಾಯಿ ತೆರೆದಳು, ಪಾಯ್ಸ್‌ನ ಮುಖ ನೋಡಿ ಮುಚ್ಚಿದಳು. ಮೇಜಿನ ಕೆಳಗೆ ಡೆಬೊರಾಳ ಅಂಗಿಯ ತುದಿಯನ್ನು ಹಿಡಿದುಕೊಂಡಳು.

"ಈ ಹುಡುಗಿಗೆ ತರಬೇತಿ ಕೊಟ್ಟವರು ಯಾರು?" ಎಂದಳು ಅಧಿಕಾರಿಣಿ.

"ನಮ್ಮ ಟ್ರೈನಿಂಗ್ ಎಲ್ಲ ನಿಯಮದ ಪ್ರಕಾರ..." ಪಾಯ್ಸ್ ಶುರು ಮಾಡಿದ.

"ನಾನು" ಎಂದಳು ಡೆಬೊರಾ. ಧ್ವನಿ ಅವಳಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಗುಂಡಿ ಒತ್ತಲು ನಾನೇ ಕಲಿಸಿದ್ದು. ಎಲ್ಲ ಮೆಷಿನುಗಳ ಹುಡುಗಿಯರಿಗೂ. ಕೆಂಪು ಪರದೆ ನೋಡಿ ಜನ ವಾಪಸ್ ಹೋಗುತ್ತಿದ್ದರು, ಅದನ್ನು ಕಮ್ಮಿ ಮಾಡಿ ಅಂತ ಮ್ಯಾನೇಜರ್ ಹೇಳಿದ್ದರು. ಕಮ್ಮಿ ಆಯ್ತು. ಸುಮೀನಾ ಹೇಳಿಕೊಟ್ಟದ್ದನ್ನು ಮಾಡಿದಳು, ಅಷ್ಟೇ."

ಟ್ಯಾಕ್ಸಿ ಚಾಲಕ ದುಭಾಷಿಯ ಮಾತು ಕೇಳಿ ಅವಳ ಕಡೆ ತಿರುಗಿದ. "ನನ್ನ ಬೆನ್ನ ಮೇಲೂ ಕೈ ಇಟ್ಟಿದ್ದರು ಬೆಹನ್" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಡೆಬೊರಾ ತಲೆ ತಗ್ಗಿಸಿದಳು.

*

ಕಂಪೆನಿಯ ಮೆಷಿನುಗಳನ್ನೆಲ್ಲ ಇಲಾಖೆ ನಿಲ್ಲಿಸಿತು, ಅವುಗಳಿಗೆ ಹಳದಿ ಪಟ್ಟಿ ಬಿತ್ತು. ಡೆಬೊರಾಳ ಕೆಲಸ ಅದೇ ವಾರ ಹೋಯಿತು. ಸುಮೀನಾಳ ಹೆಸರನ್ನು ಕೇಸಿನಿಂದ ಕೈಬಿಟ್ಟರು. ಆದರೆ ತನಿಖೆ ಮುಗಿಯುವವರೆಗೆ ದೇಶ ಬಿಟ್ಟು ಹೋಗಕೂಡದು ಎಂದು ಡೆಬೊರಾಳಿಗೆ ಹೇಳಿದರು. ಅವಳು ಸಾಕ್ಷಿಯೋ ಆರೋಪಿಯೋ ಎಂದು ಯುಜಿನ್ ಕೇಳಿದ್ದಕ್ಕೆ, "ಈಗಲೇ ಹೇಳಲಾಗದು" ಎಂದರು.

"ಇರಲಿಕ್ಕೆ ವೀಸಾ ಇಲ್ಲ. ಹೋಗಲಿಕ್ಕೆ ಬಿಡುವುದಿಲ್ಲ" ಎಂದ ಯುಜಿನ್. "ಇದೆಂಥ ಬದುಕು ಮಾರಾಯ್ತಿ! ಸುಮ್ಮನಿರು ಅಂದಿದ್ದೆ."

"ಸುಮ್ಮನಿದ್ದರೆ ಆ ಹುಡುಗಿ ನನ್ನ ಜಾಗದಲ್ಲಿ ಕೂತಿರುತ್ತಿದ್ದಳು."

"ಅವಳು ನಮಗೆ ಯಾರು?"

"ಮಾಂಯ್ ಅವಳಿಗೆ ಯಾರಾಗಿದ್ದರು?"

ಕೊನೆಗೆ ಅಬುಧಾಬಿಯ ಬನಿಯಾಸ್‌ನಲ್ಲಿ ಒಂದು ಗ್ಯಾರೇಜಿನ ಸ್ಟೋರ್‌ಕೀಪರ್ ಕೆಲಸ ಯುಜಿನ್‌ಗೆ ಸಿಕ್ಕಿತು. ಹಿಂದಿನ ಸಂಬಳದ ಅರ್ಧವೂ ಇಲ್ಲ. ಐದು ಜನರ ಕೋಣೆಯಲ್ಲಿ ಒಂದು ಮಂಚ. ಕ್ಲೈವ್‌ನ ವೀಸಾ ಹೇಗೋ ಅಪ್ಪನ ಹೆಸರಿಗೆ ಹೋಯಿತು. ಡೆಬೊರಾಳದು ಕೇಸಿನ ಕಾರಣಕ್ಕೆ ನಿಂತಿತು. ಶುಕ್ರವಾರ ಸಂಜೆ ಯುಜಿನ್ ಬಸ್ಸಿನಲ್ಲಿ ಬಂದು ಭಾನುವಾರ ವಾಪಸ್ ಹೋಗುತ್ತಿದ್ದ. ಡೆಬೊರಾ ಕಟ್ಟಡದ ಮಕ್ಕಳಿಗೆ ಟ್ಯೂಷನ್ ಹೇಳಲು ನೋಡಿದಳು. ಆದರೆ ಕಾಗದವಿಲ್ಲದೆ ಅದನ್ನೂ ಮಾಡುವಂತಿಲ್ಲ ಎಂದು ಯಾರೋ ಹೆದರಿಸಿದರು. ಅದನ್ನೂ ಬಿಟ್ಟಳು. ಬೆಳಿಗ್ಗೆ ಕಸ ಗುಡಿಸಿ, ಮಧ್ಯಾಹ್ನ ಮತ್ತೆ ಅದೇ ನೆಲ ಗುಡಿಸುತ್ತಿದ್ದಳು.

ಗರ್ಟ್ರೂಡ್‌ಬಾಯಿಯ ವಿಸಿಟ್ ವೀಸಾವನ್ನು ಇನ್ನೊಮ್ಮೆ ಎಳೆಯಲು ಹಣವಿರಲಿಲ್ಲ. ಕೇಸು, ಕೆಲಸ, ಪರೀಕ್ಷೆ ಯಾವುದರ ಕಟ್ಟೂ ಇಲ್ಲದೆ ಊರಿಗೆ ಹೋಗಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ. ಹೊರಡುವ ಬೆಳಿಗ್ಗೆ ಕ್ಲೈವ್ ಸೂಟ್‌ಕೇಸ್ ಎಳೆದುಕೊಂಡು ಲಿಫ್ಟಿನ ಬಳಿ ನಿಂತ. ಅವರು ಅವನನ್ನು ಅಪ್ಪಿ, ಹೊಡೆದಿದ್ದ ಕೆನ್ನೆಗೆ ಮುತ್ತಿಟ್ಟರು. ಡೆಬೊರಾ ಬಾಗಿಲಲ್ಲಿ ನಿಂತಿದ್ದಳು.

"ನೀನು ಅಲ್ಲಿ ಹೇಳಿದ್ದು ಸರಿ" ಎಂದರು ಗರ್ಟ್ರೂಡ್‌ಬಾಯಿ. "ಆದರೆ ನನ್ನ ಸಿಟ್ಟು ಹೋಗಿಲ್ಲ. ಹೋಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ."

"ಹೇಳಬೇಡಿ ಮಾಂಯ್."

"ಮಗುವಿನ ಪರೀಕ್ಷೆಯ ದಿನ ಮೊಟ್ಟೆ ಕೊಡು, ಹೊಟ್ಟೆ ಖಾಲಿ ಕಳಿಸಬೇಡ." ಅವರು ಲಿಫ್ಟಿನೊಳಗೆ ಹೋದರು.

ಪರೀಕ್ಷೆಗಳು ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಸುಮೀನಾ ಫೋನ್ ಮಾಡಿದಳು. ಅವಳಿಗೆ ಬೇರೆ ಕಂಪೆನಿಯ ಮೆಷಿನಿನ ಬಳಿ ಕೆಲಸ ಸಿಕ್ಕಿತ್ತು.

"ಅಕ್ಕಾ, ಈಗ ರೂಲ್ಸ್ ಬೇರೆ ಆಗಿದೆ. ಮೊದಲ ಸಲ ಬಂದವರ ಹಣ ಮೆಷಿನಲ್ಲೇ ಒಂದು ದಿನ ನಿಲ್ಲಬೇಕು. ನಿನ್ನೆ ಒಬ್ಬ ಅಜ್ಜ ನನಗೆ ಬೈದರು, ಈಗಲೇ ಕಳಿಸು, ಮಗನನ್ನು ಹಿಡಿದಿದ್ದಾರೆ ಅಂತ. ನಾನು ಗುಂಡಿ ಮುಟ್ಟಲಿಲ್ಲ. ಇವತ್ತು ಅವರ ಮಗನೇ ಬಂದು ಹಣ ವಾಪಸ್ ತಗೊಂಡು ಹೋದ. ಅಳ್ತಾ ಇದ್ದ ಅಕ್ಕಾ."

"ಒಳ್ಳೆಯದಾಯ್ತು ಸುಮೀನಾ."

"ನಿಮ್ಮ ಕೇಸ್ ಎಂತಾಯ್ತು?"

"ಎಂತ ಆಗಲಿಲ್ಲ. ಕರೆದರೆ ಹೋಗುತ್ತೇನೆ. ಕಾಯುತ್ತಿದ್ದೇನೆ."

ಫೋನ್ ಇಟ್ಟ ಮೇಲೆ ಅವಳಿಗೆ ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು. ಯುಜಿನ್ ಕೆಲಸದಲ್ಲಿದ್ದ. ಕುಲಶೇಖರಕ್ಕೆ ಫೋನ್ ಮಾಡಿದಳು. ಗರ್ಟ್ರೂಡ್‌ಬಾಯಿ ಊರಿಗೆ ಹೋದ ಮೇಲೆ ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಮಗ ಮಾಡಿದರೂ ಎತ್ತುತ್ತಿರಲಿಲ್ಲ. ಮಗಳು ಮನೆಯಲ್ಲಿದ್ದಾಗ ಅವಳ ಫೋನಿಗೆ ಮಾಡಿದರೆ ಮಾತ್ರ ಮಾತಾಡುತ್ತಿದ್ದರು. ಡೆಬೊರಾಳೊಂದಿಗೆ ಅದೂ ಇಲ್ಲ.

ಗಂಟೆ ಹೊಡೆದು ಹೊಡೆದು ನಿಂತಿತು. ಅವಳು ಮತ್ತೆ ಮಾಡಿದಳು. ಮೂರನೆಯ ಸಲ ಯಾರೋ ಎತ್ತಿದರು. ಮಾತಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು.

"ಮಾಂಯ್? ನಾನು ಡೆಬೊರಾ."

"ಯಾವ ಡೆಬೊರಾ?" ಅತ್ತಣ ಧ್ವನಿ ಗಡುಸಾಗಿತ್ತು. "ಈಗ ಯಾರ ಧ್ವನಿಯನ್ನು ಬೇಕಾದರೂ ಮಾಡುತ್ತಾರಂತೆ. ನೀನು ಡೆಬೊರಾ ಅಂತ ನಾನು ಹೇಗೆ ನಂಬಬೇಕು?"

"ಕ್ಲೈವ್‌ನ ಮಮ್ಮಿ. ಯುಜಿನನ ಹೆಂಡತಿ."

"ಅದೆಲ್ಲ ಅವರಿಗೂ ಗೊತ್ತಿರುತ್ತದೆ. ಬೇರೆ ಎಂತಾದರೂ ಹೇಳು. ಇಲ್ಲದಿದ್ದರೆ ಇಡುತ್ತೇನೆ."

ಡೆಬೊರಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಶಾಲೆಯ ಬಸ್ಸು ಮಕ್ಕಳನ್ನು ಇಳಿಸುತ್ತಿತ್ತು.

"ನಿಮ್ಮ ಬಂಗಾರ ಹೋಗುವ ಹಾಗೆ ಮಾಡಿದವಳು ನಾನು, ಮಾಂಯ್" ಎಂದಳು.

ಫೋನ್ ಇಟ್ಟರೇನೋ ಎಂದು ಡೆಬೊರಾ ಪರದೆ ನೋಡಿದಳು. ಇಟ್ಟಿರಲಿಲ್ಲ.

"ಹೌದು, ನೀನೇ" ಎಂದರು ಗರ್ಟ್ರೂಡ್‌ಬಾಯಿ. "ಹೇಳು. ಊಟ ಆಯ್ತಾ?"